ಆರ್ವೊ ಸಾವೆಲಾನ ಮಾಡಿನ ಕಂದು ಕಲೆ

ಆರ್ವೊ ಸಾವೆಲಾನಿಗೆ ಗೊತ್ತಿಲ್ಲದ ಕೆಲಸ ಯಾವುದೂ ಇರಲಿಲ್ಲ. ಅವನು ಕೈಯಾರೆ ಮಾಡಿದ ಕೆಲಸಗಳು ಮಾತ್ರ ಬೆರಳೆಣಿಕೆಯಷ್ಟು. ಆಲ್ಡರ್ ಕೋವ್‌ನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೂವತ್ತನಾಲ್ಕು ವರ್ಷ ಪೈಪು, ನಲ್ಲಿ, ತಿರುಪುಗಳ ಕೌಂಟರಿನ ಹಿಂದೆ ನಿಂತು ನಿವೃತ್ತನಾದವನು. ಒಂದು ವಾಷರ್ ಕೊಳ್ಳಲು ಹೋದವನು ಅರ್ಧ ಗಂಟೆ ಉಪದೇಶ ಕೇಳಿ, ತಲೆ ಭಾರ ಮಾಡಿಕೊಂಡು, ವಾಷರನ್ನು ಅಲ್ಲೇ ಮರೆತು ಬರುತ್ತಿದ್ದ. ನಾನೇ ಎರಡು ಸಲ ಮರೆತು ಬಂದಿದ್ದೇನೆ.

ನಾನು ಅವನ ಪಕ್ಕದ ಮನೆಯವನು, ಎಮಿಲ್. ಇಪ್ಪತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿದೆ. ನನ್ನ ಮನೆ ಸರೋವರದ ಕಡೆಗೆ, ಅವನದು ಅದರ ಮಗ್ಗುಲಿಗೆ. ನಮ್ಮ ಅಡುಗೆಮನೆಯ ಕಿಟಕಿಗೆ ಮುಖ ಹಾಕಿ ನಿಂತರೆ ಅವನ ಮಾಡಿನ ಉತ್ತರದ ಇಳಿಜಾರು ಪೂರ್ತಿ ಕಾಣುತ್ತದೆ. ಹಾಗಾಗಿ ಆ ಕಲೆಯನ್ನು ಮೊದಲು ನೋಡಿದವನು ನಾನು. ಮೊದಲು ಬೈಸಿಕೊಂಡವನೂ ನಾನೇ.

ಅದು ಏಪ್ರಿಲ್ ತಿಂಗಳ ಕೊನೆ. ಮಾಡಿನ ಮೇಲಿನ ಹಿಮ ಕರಗಿ, ಹೆಂಚಿನ ಬದಲು ಹೊದಿಸಿದ ಶಿಂಗಲ್ ಹಾಳೆಗಳು ಕಾಣತೊಡಗಿದ್ದವು. ನೆಲಮಾಳಿಗೆಯಲ್ಲಿದ್ದು ಮನೆ ಬಿಸಿಮಾಡುವ ಫರ್ನೇಸ್‌ನಿಂದ ಅಟ್ಟ ದಾಟಿ ಮೇಲೆ ಬರುವ ಹೊಗೆಕೊಳವೆಯ ಬುಡದಿಂದ ಸೂರಿನ ಅಂಚಿನವರೆಗೆ ಒಂದು ಕಂದು ಪಟ್ಟೆ ಇಳಿದಿತ್ತು. ಯಾರೋ ಮಾಡಿನ ಮೇಲೆ ಕೂತು ಚಹಾ ಚೆಲ್ಲಿದ ಹಾಗೆ. ಬೇಲಿಯ ಹತ್ತಿರ ಆರ್ವೊ ಸಿಕ್ಕಾಗ ಹೇಳಿದೆ.

"ಆರ್ವೊ, ನಿನ್ನ ಮಾಡಿನ ಮೇಲೆ ಅದೇನೋ ಕಲೆ ಬಿದ್ದಿದೆಯಲ್ಲೋ."

"ನನ್ನ ಮಾಡಿನ ಮೇಲೆ ಯಾವ ಕಲೆಯೂ ಇಲ್ಲ."

"ತಲೆ ಎತ್ತಿ ನೋಡು ಮಾರಾಯ."

ನೋಡಿದ. ತುಂಬಾ ಹೊತ್ತು ನೋಡಿದ. ಆಮೇಲೆ, ಅಂಗಡಿಯಲ್ಲಿ ಗಿರಾಕಿ ತಪ್ಪು ಅಳತೆ ಹೇಳಿದಾಗ ಬರುತ್ತಿದ್ದ ಆ ನಗೆ ಅವನ ಮುಖದಲ್ಲಿ ಬಂತು. "ಹಕ್ಕಿ ಕಣೋ. ಕಡಲಕ್ಕಿಗಳು. ಕೊಳವೆ ಬೆಚ್ಚಗಿರುತ್ತಲ್ಲ, ಚಳಿಗಾಲ ಪೂರ್ತಿ ಅಲ್ಲೇ ಕೂತಿರ್ತವೆ. ಇದು ಯಾರಿಗೂ ಗೊತ್ತಿಲ್ಲ, ಇಡೀ ಊರಲ್ಲಿ."

ಹಕ್ಕಿ ಹಿಕ್ಕೆ ಬಿಳಿ, ಇದು ಕಂದು ಎಂದು ನಾನು ಹೇಳಬಹುದಿತ್ತು. ಹೇಳಿದ್ದರೆ ಹಕ್ಕಿಗಳ ಜೀರ್ಣಾಂಗದ ಮೇಲೆ ಒಂದು ಗಂಟೆ ಕೇಳಬೇಕಾಗುತ್ತಿತ್ತು. ಸುಮ್ಮನಾದೆ.

ಮರುವಾರ ಅವನು ಹಕ್ಕಿಗಳನ್ನು ಹೆದರಿಸಲು ಒಂದು ಪ್ಲಾಸ್ಟಿಕ್ ಗೂಬೆ ತಂದ. ಏಣಿ ಹತ್ತಿದರೆ ಮಂಡಿ ನೋಯುತ್ತದೆಂದು ನನ್ನನ್ನು ಹತ್ತಿಸಿ, ತಾನು ಕೆಳಗೆ ನಿಂತು, "ಎಡಕ್ಕೆ, ಇನ್ನೊಂಚೂರು ಎಡಕ್ಕೆ, ಗೂಬೆಗೆ ಸರೋವರ ಕಾಣೋ ಹಾಗೆ" ಎಂದು ಕೈ ಬೀಸಿದ. ನಾನು ಕೊಳವೆಯ ಪಕ್ಕದಲ್ಲೇ ಗೂಬೆಯನ್ನು ಕೂರಿಸಿ ಇಳಿದೆ. ಕೊಳವೆಯ ತುದಿಗೆ ಬೆಳ್ಳಿಬಣ್ಣ ಬಳಿದ ವಿಚಿತ್ರವಾದ ಮುಚ್ಚಳವೊಂದು ಇದ್ದದ್ದು ನನ್ನ ಕಣ್ಣಿಗೆ ಬಿತ್ತು. ಆರ್ವೊನ ಮನೆಯದ್ದಲ್ಲವೇ, ಏನೋ ಹೊಸ ಮಾದರಿಯದಿರಬೇಕು ಎಂದುಕೊಂಡೆ. ಅವನು ಊರಿಗೆಲ್ಲ ಬುದ್ಧಿ ಹೇಳುವುದನ್ನು ನೋಡಿ ನಗುತ್ತಿದ್ದ ನಾನೂ ಒಳಗೊಳಗೆ ಅವನನ್ನು ನಂಬಿಬಿಟ್ಟಿದ್ದೆ ಎಂದು ಈಗ ಒಪ್ಪಿಕೊಳ್ಳಬೇಕು.

ಎರಡು ದಿನ ಕಡಲಕ್ಕಿಗಳು ದೂರ ಇದ್ದವು. ಮೂರನೆಯ ದಿನ ಗೂಬೆಯ ತಲೆಯ ಮೇಲೇ ಕೂತವು.

ಆರ್ವೊನ ಹೆಂಡತಿ ಸೈಮಾ ಅವನ ಹಾಗಲ್ಲ. ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಈ ಊರಿನ ಐವತ್ತರೊಳಗಿನವರೆಲ್ಲ ಅವಳ ಕೈಯಡುಗೆ ಉಂಡು ಬೆಳೆದವರೇ. ಮಾತು ಕಡಿಮೆ. ಅವಳಪ್ಪ ಮೀನುಗಾರ, ದಿನಾ ಬೆಳಿಗ್ಗೆ ಹವಾಮಾನ ಬರೆದಿಡುತ್ತಿದ್ದನಂತೆ. ಅವಳೂ ಒಲೆಯ ಪಕ್ಕದ ಕ್ಯಾಲೆಂಡರಿನ ಚೌಕಗಳಲ್ಲಿ ಆ ದಿನದ ಚಳಿ ಎಷ್ಟು, ಗಾಳಿ ಯಾವ ಕಡೆಯದು ಎಂದು ಬರೆಯುತ್ತಿದ್ದಳು. ಹಿಂದಿನ ಚಳಿಗಾಲದಿಂದ ಕೆಲವು ಚೌಕಗಳಲ್ಲಿ ಒಂದು ಸಣ್ಣ ಗುಣಿಸು ಗುರುತೂ ಸೇರಿತ್ತು. ತಲೆನೋವು ಬಂದ ದಿನ ಹಾಗೆ ಗುರುತು ಹಾಕುತ್ತಿದ್ದಳು.

ಆ ತಲೆನೋವು ಚರ್ಚಿನ ಹೆಂಗಸರಿಗೆಲ್ಲ ಗೊತ್ತಿತ್ತು. ಭಾನುವಾರ ಚರ್ಚಿನಲ್ಲಿ ಕೂತಾಗ ಇರುವುದಿಲ್ಲ, ಮನೆಗೆ ಹೋದರೆ ಶುರು. ಎಸ್ಕನಾಬಾದಲ್ಲಿರುವ ತಂಗಿಯ ಮನೆಗೆ ಐದು ದಿನ ಹೋದರೆ ಮಾಯ, ವಾಪಸು ಬಂದ ಸಂಜೆಯೇ ಹಾಜರು.

"ಇದಕ್ಕೆ ಔಷಧಿ ಇಲ್ಲಮ್ಮ," ಎಂದು ಹೆಂಗಸರು ನಕ್ಕರು. "ಗಂಡ ರಿಟೈರ್ ಆಗಿ ಮನೇಲಿ ಕೂತ್ರೆ ಎಲ್ಲರಿಗೂ ಬರೋ ಕಾಯಿಲೆ ಇದು."

ಸೈಮಾಳೂ ನಕ್ಕಳು. ಅವಳ ತಂಗಿ ನಕ್ಕಳು. ನಾನೂ ನಕ್ಕೆ. ಆರ್ವೊನಿಗೆ ಮಾತ್ರ ಅದು ತಮಾಷೆ ಅನ್ನಿಸಲಿಲ್ಲ. "ಪದಬಂಧ ಬಿಡಿಸಿ ಬಿಡಿಸಿ ಕಣ್ಣು ಕೆಡಿಸ್ಕೊಂಡಿದಾಳೆ. ಕನ್ನಡಕ ಬದಲಾಯಿಸು ಅಂದ್ರೆ ಕೇಳಲ್ಲ," ಎಂದು ಅವಳ ಬದಲು ಅವನೇ ಎಲ್ಲರಿಗೂ ಉತ್ತರ ಕೊಡುತ್ತಿದ್ದ.

ಜೂನ್‌ನಲ್ಲಿ ಹಕ್ಕಿಯ ಸಿದ್ಧಾಂತ ಬಿದ್ದುಹೋಗಿ ಪಾಚಿಯ ಸಿದ್ಧಾಂತ ಎದ್ದಿತು. ಉತ್ತರದ ಇಳಿಜಾರಿಗೆ ಬಿಸಿಲು ಬೀಳದು, ಅಲ್ಲಿ ಪಾಚಿ ಕಟ್ಟುತ್ತದೆ, ಇದು ಸಾಮಾನ್ಯ ಜ್ಞಾನ ಎಂದ. ತೋಟಕ್ಕೆ ಔಷಧಿ ಹೊಡೆಯುವ ಪಂಪಿನಲ್ಲಿ ಬ್ಲೀಚ್ ತುಂಬಿ, ಈ ಸಲ ಮಂಡಿನೋವು ಮರೆತು, ತಾನೇ ಏಣಿಯ ನಾಲ್ಕನೇ ಮೆಟ್ಟಿಲವರೆಗೆ ಹತ್ತಿ ಅಲ್ಲಿಂದ ಚಿಮ್ಮಿಸಿದ. ಕಲೆ ಸ್ವಲ್ಪ ಮಾಸಿತು. ಸೂರಿನ ಕೆಳಗೆ ಸೈಮಾ ಬೆಳೆಸಿದ್ದ ಪಿಯೋನಿ ಹೂವಿನ ಗಿಡಗಳು ಪೂರ್ತಿ ಮಾಸಿದವು. ಅವು ಅವಳ ತಾಯಿಯ ಕಾಲದ ಗಿಡಗಳು.

"ಮತ್ತೆ ಚಿಗುರ್ತವೆ," ಎಂದ ಆರ್ವೊ.

"ಚಿಗುರಲ್ಲ," ಎಂದಳು ಸೈಮಾ.

ಚಿಗುರಲಿಲ್ಲ.

ಉಳಿದ ಕಲೆಗೆ ಬಾಡಿಗೆಯ ಯಂತ್ರ ತಂದ, ಜೋರಾಗಿ ನೀರು ಚಿಮ್ಮಿಸುವಂಥದ್ದು. ಕಲೆ ಹೋಯಿತು, ಅದರ ಜೊತೆಗೆ ಶಿಂಗಲ್ ಹಾಳೆಗಳ ಮೇಲಿನ ಮರಳಿನ ಪದರವೂ ಕಿತ್ತು ಹೋಗಿ ಮಳೆನೀರಿನ ಕಾಲುವೆ ತುಂಬಿತು. ಜುಲೈ, ಆಗಸ್ಟ್ ಎರಡೂ ತಿಂಗಳು ಮಾಡು ಸ್ವಚ್ಛವಾಗಿತ್ತು. ಫರ್ನೇಸ್ ಉರಿಯದ ತಿಂಗಳುಗಳು ಅವು ಎಂಬುದು ನಮಗಾರಿಗೂ ಹೊಳೆಯಲಿಲ್ಲ. ಆರ್ವೊ ಬೆಳಿಗ್ಗೆ ಕಾಫಿಗೆ ಸೇರುವ ನಮ್ಮ ಗುಂಪಿನಲ್ಲಿ ಪ್ರತಿದಿನ ಆ ಗೆಲುವಿನ ಕಥೆ ಹೇಳಿದ. ಹಾರ್ಡ್‌ವೇರ್ ಅಂಗಡಿಯ ಈಗಿನ ಹುಡುಗರು ಹೀಗೆ ಹೇಳಿಕೊಡಬಲ್ಲರೇ ಎಂದು ಕೇಳಿದ. ಯಾರೂ ಉತ್ತರ ಕೊಡಲಿಲ್ಲ. ಅವನಿಗೆ ಅದು ಒಪ್ಪಿಗೆಯಂತೆ ಕೇಳಿಸಿತು.

ಅಕ್ಟೋಬರಿನ ಎರಡನೇ ವಾರ ಚಳಿ ಬಿತ್ತು. ಮೂರನೇ ವಾರ ಕಲೆ ವಾಪಸು ಬಂತು. ಜೊತೆಗೆ ಸೈಮಾಳ ಕ್ಯಾಲೆಂಡರಿನ ಗುಣಿಸು ಗುರುತುಗಳೂ.

ಈಗ ಅಪರಾಧಿ ನಾನಾದೆ.

ನನ್ನ ಹಿತ್ತಲಲ್ಲಿ ಸೌದೆ ಒಲೆಯ ಸೌನಾ, ಅಂದರೆ ಬೆವರುಸ್ನಾನದ ಪುಟ್ಟ ಕೋಣೆ, ಇದೆ. ನಮ್ಮಪ್ಪ ಕಟ್ಟಿದ್ದು. ಪ್ರತಿ ಶನಿವಾರ ಮಧ್ಯಾಹ್ನ ಬರ್ಚ್ ಸೌದೆ ಒಟ್ಟಿ ಕಾಯಿಸುತ್ತೇನೆ, ಆರ್ವೊನೂ ನಲವತ್ತು ವರ್ಷದಿಂದ ಅಲ್ಲೇ ಬಂದು ಬೆವರು ಸುರಿಸಿ ಹೋಗಿದ್ದಾನೆ. ಅಂಥವನು ಬೇಲಿ ಹತ್ತಿರ ಬಂದು, ಕೈಕಟ್ಟಿ ನಿಂತು ಹೇಳಿದ:

"ಎಮಿಲ್, ನಿನ್ನ ಸೌನಾದ ಹೊಗೆ ನನ್ನ ಮಾಡಿಗೆ ಬಂದು ಕೂರ್ತಿದೆ. ಬಡಗಣ ಗಾಳಿ. ಲೆಕ್ಕ ಸರಿಯಾಗಿ ಕೂತಿದೆ."

"ಹೊಗೆ ಮಾಡೆಲ್ಲ ಬಿಟ್ಟು ಒಂದೇ ಗೆರೇಲಿ ಕೂರುತ್ತಾ? ಅದೂ ನಿನ್ನ ಕೊಳವೆ ಬುಡದಿಂದ್ಲೇ ಶುರುವಾಗಿ?"

"ಗಾಳಿ ಕೊಳವೆಗೆ ಬಡಿದು ಸುತ್ತುತ್ತೆ. ಇದು ನಿಂಗೆ ಅರ್ಥ ಆಗಲ್ಲ ಬಿಡು. ನೀನು ಬಸ್ಸು ಓಡಿಸ್ದೋನು."

ಸಂಬಂಧ ಕೆಡುವುದು ಬೇಡವೆಂದು ನಾನು ಮೂರು ಶನಿವಾರ ಸೌನಾ ಕಾಯಿಸಲಿಲ್ಲ. ನವೆಂಬರಿನಲ್ಲಿ, ಈ ಊರಲ್ಲಿ, ಮೂರು ಶನಿವಾರ! ಕಲೆ ಇನ್ನೂ ಗಾಢವಾಯಿತು. ನಾನು ಕದ್ದು ಕಾಯಿಸುತ್ತಿದ್ದೇನೆ ಎಂದು ಅವನು ಕಾಫಿ ಗುಂಪಿಗೆ ಹೇಳಿದ. ನಾಲ್ಕನೇ ಶನಿವಾರ ನಾನು ಒಲೆಗೆ ಒಂದು ಹೊರೆ ಸೌದೆ ಜಾಸ್ತಿಯೇ ಹಾಕಿದೆ. ಅಂದಿನಿಂದ ಅವನು ಸೌನಾಕ್ಕೆ ಬರುವುದನ್ನೂ ಬಿಟ್ಟ, ನನ್ನೊಡನೆ ಮಾತನ್ನೂ ಬಿಟ್ಟ. ಎರಡನೆಯದು ಅಷ್ಟೇನೂ ಕಷ್ಟವಾಗಲಿಲ್ಲ.

ಡಿಸೆಂಬರಿನಲ್ಲಿ ಹಿಮ ಬಿದ್ದು ಮಾಡು ಬೆಳ್ಳಗಾದಾಗ ಕಲೆ ಮುಚ್ಚಿಹೋಗಬೇಕಿತ್ತು. ಆಗಲಿಲ್ಲ. ಬಿದ್ದ ಹೊಸ ಹಿಮದ ಮೇಲೇ ಚಹಾಬಣ್ಣದ ಗೆರೆ ಇಳಿಯಿತು. ಸೂರಿನಂಚಿನಲ್ಲಿ ಕಂದು ಬಣ್ಣದ ಹಿಮದ ಕಡ್ಡಿಗಳು ನೇತಾಡಿದವು. ರಸ್ತೆಯಲ್ಲಿ ಹೋಗುವವರು ಕಾರು ನಿಧಾನ ಮಾಡಿ ನೋಡಿ ಹೋಗುತ್ತಿದ್ದರು. ಆರ್ವೊ ಮುಸ್ಸಂಜೆಗೆ ಮುನ್ನ ಉದ್ದನೆಯ ಕೋಲು ಹಿಡಿದು ಬಂದು ಆ ಕಡ್ಡಿಗಳನ್ನು ಬಡಿದು ಬೀಳಿಸಿ, ಮೇಲೆ ಬಿಳಿ ಹಿಮ ಎಳೆದು ಮುಚ್ಚುತ್ತಿದ್ದ. ಬೆಳಗಾದರೆ ಮತ್ತೆ ಹೊಸ ಕಡ್ಡಿಗಳು.

"ಬರ್ಟಿನ ಕರೆಸೋಣ," ಎಂದು ಸೈಮಾ ಅವನಿಗೆ ಹೇಳಿದಳಂತೆ. ಬರ್ಟಿ ಟ್ರೆಗಿಯರ್ ಎಂದರೆ ನಮ್ಮ ಕಡೆಯ ಫರ್ನೇಸ್ ರಿಪೇರಿಯವಳು. ಊರಿನ ಅಗ್ನಿಶಾಮಕ ಸ್ವಯಂಸೇವಕರಲ್ಲೂ ಒಬ್ಬಳು.

"ಬರ್ಟಿಗೇನು ಗೊತ್ತು? ಅವಳಿಗೆ ಮೊದಲ ಪೈಪು ಮಾರಿದ್ದೇ ನಾನು. ಅಳತೆ ಪಟ್ಟಿ ಹಿಡಿಯೋದೂ ನಾನೇ ಹೇಳಿಕೊಟ್ಟಿದ್ದು."

ಮಾತು ಅಲ್ಲಿಗೆ ನಿಂತಿತು. ಆ ಮನೆಯಲ್ಲಿ ಮಾತುಗಳು ಅಲ್ಲಿಗೇ ನಿಲ್ಲುತ್ತಿದ್ದವು.

ಜನವರಿಯ ಒಂದು ಗುರುವಾರ, ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಬೆಳಗಿನ ಹತ್ತೂವರೆ ಇರಬೇಕು. ನನ್ನ ಬಾಗಿಲು ಬಡಿದ ಸದ್ದು. ತೆಗೆದರೆ ಸೈಮಾ, ಮೈಮೇಲೆ ಕೋಟಿಲ್ಲ, ಕಾಲಿಗೆ ಮನೆಯೊಳಗಿನ ಚಪ್ಪಲಿ, ಕೈಗೆಲ್ಲ ಹಿಟ್ಟು, ಏಲಕ್ಕಿಯ ವಾಸನೆ. ಪುಲ್ಲಾ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದವಳು ಕಣ್ಣು ಕತ್ತಲಿಟ್ಟು ನೆಲಕ್ಕೆ ಕೂತಿದ್ದಳು. ಹೇಗೋ ಎದ್ದು ಹಿಂಬಾಗಿಲಿಂದ ಹೊರಬಿದ್ದು ನನ್ನ ಮನೆಗೆ ಬಂದಿದ್ದಳು. ಕುರ್ಚಿಯಲ್ಲಿ ಕೂರಿಸಿ ಕಂಬಳಿ ಹೊದೆಸಿದೆ. ಹತ್ತು ನಿಮಿಷ ಅವಳು ಕಂಬಳಿ ಬಿಗಿಹಿಡಿದು ಉಸಿರೆಳೆದುಕೊಂಡಳು. ಆಮೇಲೆ ತನ್ನ ಹಣೆಯನ್ನು ಮುಟ್ಟಿ ನೋಡಿಕೊಂಡಳು.

"ಎಮಿಲ್, ನಿನ್ನ ಮನೇಲಿ ನಂಗೆ ತಲೆನೋವಿಲ್ಲ."

"ಒಳ್ಳೇದಾಯ್ತಲ್ಲ."

"ಅಲ್ಲ ಕಣೋ. ಚರ್ಚಲ್ಲಿ ಇಲ್ಲ. ತಂಗಿ ಮನೇಲಿ ಇಲ್ಲ. ಇಲ್ಲಿ ಇಲ್ಲ. ಬೇಸಿಗೇಲಿ ಆರ್ವೊ ಮೂರು ಹೊತ್ತೂ ಮನೇಲೇ ಇದ್ದ, ಆಗ್ಲೂ ಇರಲಿಲ್ಲ." ಹಿಟ್ಟಿನ ಕೈ ಚಾಚಿದಳು: "ಇದು ಆರ್ವೊ ಅಲ್ಲ. ಫರ್ನೇಸು. ಫೋನ್ ಕೊಡು."

ಬರ್ಟಿ ಫೋನಿನಲ್ಲಿ ಎರಡೇ ಪ್ರಶ್ನೆ ಕೇಳಿದಳು. ಆಮೇಲೆ ಅವಳ ದನಿ ನನಗೂ ಕೇಳಿಸುವಷ್ಟು ಜೋರಾಯಿತು. "ಸೈಮಾ ಅಮ್ಮ, ನೀವು ಆ ಮನೆಗೆ ಕಾಲಿಡ್ಬೇಡಿ. ಆರ್ವೊ ಎಲ್ಲಿ?"

ಸೈಮಾ ನನ್ನ ಮುಖ ನೋಡಿದಳು. ಆರ್ವೊ ಒಳಗೇ ಇದ್ದ.

ನಾನು ಓಡಿದೆ. ಅರವತ್ತೊಂಬತ್ತು ವರ್ಷದವನು ಹಿಮದಲ್ಲಿ ಓಡುವುದನ್ನು ಓಟ ಎನ್ನಬಹುದಾದರೆ ಓಡಿದೆ. ಆರ್ವೊ ಮುಂದಿನ ಕೋಣೆಯ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ್ದ. ಕೆನ್ನೆ ಕೆಂಪಗೆ, ಮದುವೆ ದಿನದ ಹಾಗೆ ಹೊಳೆಯುತ್ತಿತ್ತು. ಬಾಗಿಲು ಹಾರುಹೊಡೆದು, ಕೈಗೆ ಸಿಕ್ಕ ಎರಡು ಕಿಟಕಿ ತೆಗೆದು, ಕಂಕುಳಿಗೆ ಕೈಹಾಕಿ ಎಳೆದೆ. ಹೊಸ್ತಿಲ ಹತ್ತಿರ ಅವನು ಅರೆಗಣ್ಣು ಬಿಟ್ಟ.

"ಬಾಗಿಲು ಹಾಕೋ," ಎಂದ ತೊದಲುತ್ತ. "ಬಿಸಿಯೆಲ್ಲ ಹೋಗ್ತಿದೆ..."

"ನೀನೇ ಹೋಗ್ತಿದ್ಯಲ್ಲೋ, ಮೊದ್ಲು ಹೊರಗೆ ನಡಿ!"

"ನಿನ್ನ ಜೊತೆ ನಾನು ಮಾತು ಬಿಟ್ಟಿದೀನಿ."

ಹಿಮದ ರಾಶಿಯ ಮೇಲೆ ಅವನನ್ನು ಕೂರಿಸುವಾಗಲೂ ಆ ಮಾತನ್ನು ಇನ್ನೊಮ್ಮೆ ಹೇಳಿದ.

ಬರ್ಟಿ ಬಂದಳು. ಅವಳ ಹಿಂದೆಯೇ ಅಗ್ನಿಶಾಮಕದ ಇಬ್ಬರು. ಗಾಳಿ ಅಳೆಯುವ ಸಣ್ಣ ಯಂತ್ರವನ್ನು ಹಿಡಿದು ಅವಳು ತೆರೆದ ಬಾಗಿಲಿಗೆ ಕೈ ಚಾಚುತ್ತಿದ್ದಂತೆಯೇ ಅದು ಕಿರುಚಿತು. ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ಜನರನ್ನು ನಿದ್ದೆಯಲ್ಲೇ ಸಾಗಹಾಕುವ ಗಾಳಿ.

ಆರ್ವೊ ನನ್ನ ಅಡುಗೆಮನೆಯ ಕುರ್ಚಿಯಲ್ಲಿ, ಆಂಬುಲೆನ್ಸಿಗೆ ಕಾಯುತ್ತ ಕೂತಿದ್ದ. ಬಣ್ಣಗೆಟ್ಟ ಮುಖದಲ್ಲೂ ತಜ್ಞತೆ ಉಳಿದಿತ್ತು. "ಆ ಯಂತ್ರಗಳು ಚಳಿಗೆ ಕೆಡ್ತವೆ ಕಣಮ್ಮ ಬರ್ಟಿ. ನನ್ನ ಮನೇದೂ ಹಾಗೇ ಆಗಿತ್ತು."

"ನಿಮ್ಮ ಮನೇಲಿ ಅಲಾರಂ ಇತ್ತಾ?"

"ಇತ್ತಲ್ಲ. ಹೋದ ಚಳಿಗಾಲದಿಂದ ಹುಚ್ಚು ಹಿಡಿದ ಹಾಗೆ ಕೂಗ್ತಿತ್ತು. ತಗೊಂಡ್ಹೋಗಿ ಗ್ಯಾರೇಜಲ್ಲಿಟ್ಟೆ. ಅಲ್ಲಿಗೆ ಹೋದ ಕೂಡಲೇ ಸರಿಯಾಗೋಯ್ತು. ಒಂದ್ಸಲಾನೂ ಕೂಗಿಲ್ಲ."

ಬರ್ಟಿ ಅವನನ್ನು ನೋಡಿದಳು. ಅಗ್ನಿಶಾಮಕದವನೊಬ್ಬ ಗೋಡೆಯ ಕಡೆ ತಿರುಗಿ ನಿಂತ. ಸೈಮಾ ಮಾತ್ರ ಕಣ್ಣು ಮುಚ್ಚಿದಳು.

ಬರ್ಟಿ ಫರ್ನೇಸ್ ಆರಿಸಿ, ಮನೆಗೆ ಗಾಳಿಯಾಡಲು ಬಿಟ್ಟು, ಅಂಗಳದಲ್ಲಿ ನಿಂತು ಮಾಡಿನ ಕಡೆ ನೋಡಿದಳು. ನಾನೂ ಹೋಗಿ ನಿಂತೆ. ಆರ್ವೊನ ಸಿದ್ಧಾಂತಗಳನ್ನೆಲ್ಲ ಒಂದೊಂದಾಗಿ ಹೇಳಿದೆ: ಹಕ್ಕಿ, ಪಾಚಿ, ನನ್ನ ಸೌನಾ, ಕೊನೆಗೆ ಹಾಳೆಗಳೇ ಕಳಪೆ ಎಂದು ಶಿಂಗಲ್ ಕಂಪನಿಗೆ ಬರೆದ ಎರಡು ಪುಟದ ಪತ್ರ.

"ಈ ಹಿಮ ಯಾವತ್ತು ಬಿದ್ದಿದ್ದು?" ಎಂದು ಕೇಳಿದಳು.

"ಮೊನ್ನೆ."

"ಮೊನ್ನೆ ಬಿದ್ದ ಹಿಮದ ಮೇಲೆ ಇವತ್ತು ಕಲೆ ಇದೆ ಅಂದ್ರೆ ಶಿಂಗಲ್ ಏನು ಮಾಡೀತು? ಪಾಚಿ ಎರಡು ದಿನದಲ್ಲಿ ಬೆಳೆಯುತ್ತಾ? ನಿಮ್ಮ ಹೊಗೆಯಾದ್ರೆ ಇಡೀ ಮಾಡು ಮಸಿ ಆಗ್ಬೇಕಿತ್ತು. ಕೊಳವೆಗಿಂತ ಮೇಲೆ ನೋಡಿ, ಒಂದು ಚುಕ್ಕೆ ಇಲ್ಲ. ಕೊಳವೆಯಿಂದ ಕೆಳಗೇ ಇರೋದು. ಅಂದ್ಮೇಲೆ ಕೊಳವೆಯೊಳಗಿಂದ್ಲೇ ಬರ್ತಿದೆ. ಇದು ತುಕ್ಕು ನೀರು."

ಒಂಬತ್ತು ತಿಂಗಳ ಒಗಟು ಅವಳಿಗೆ ಒಂದು ನಿಮಿಷ ತೆಗೆದುಕೊಂಡಿತು. ಆಮೇಲೆ ಏಣಿ ಹತ್ತಿ ಮೇಲೆ ಹೋದವಳು ಗೂಬೆಯನ್ನು ಪಕ್ಕಕ್ಕೆ ಸರಿಸಿ, ಕೊಳವೆಯ ತುದಿಯಿಂದ ಏನನ್ನೋ ಕಿತ್ತಳು. ಇಳಿದು ಬಂದು ಅದನ್ನು ನನ್ನ ಅಡುಗೆಮನೆಯ ಮೇಜಿನ ಮೇಲಿಟ್ಟಳು. ಹೊರಗೆ ಬೆಳ್ಳಿಬಣ್ಣ, ಒಳಗೆ ತುಕ್ಕಿನ ಹುಣ್ಣು. ಪಕ್ಕದಲ್ಲಿ ಕತ್ತರಿಯಿಂದ ಸೀಳಿದ ನಾಲ್ಕು ಕಿಂಡಿಗಳು. ನಾಲ್ಕಕ್ಕೂ ಮಂಜುಗಡ್ಡೆ ಬಿರಡೆ ಹಾಕಿತ್ತು.

"ಏನಿದು?"

ಸೈಮಾ ಬಗ್ಗಿ ನೋಡಿದಳು. ಬೆಳ್ಳಿಬಣ್ಣ ಕಿತ್ತುಹೋದ ಜಾಗದಲ್ಲಿ ಹಸಿರು ಎಲೆಯ ಚಿತ್ರ ಕಾಣುತ್ತಿತ್ತು.

"ಇದು ನನ್ನ ಕಾಫಿ ಡಬ್ಬ," ಎಂದಳು.

"ಕೊಳವೆ ಮೇಲಿದ್ದ ಹಳೇ ಟೋಪಿ ಗಾಳಿಗೆ ಹಾರಿಹೋಗಿತ್ತು," ಎಂದ ಆರ್ವೊ. "ಅಂಗಡಿ ಟೋಪಿಗಳು ಬಿಸಿ ಎಲ್ಲಾ ಹೊರಗೆ ಬಿಡ್ತವೆ. ಮೂವತ್ತನಾಲ್ಕು ವರ್ಷ ಮಾರಿದೀನಿ, ನಂಗೊತ್ತಿಲ್ವಾ? ಇದು ನನ್ನದೇ ಐಡಿಯಾ. ಹಿಮ ಒಳಗೆ ಬರಲ್ಲ, ಬಿಸಿ ಹೊರಗೆ ಹೋಗಲ್ಲ."

"ಹೋಗ್ಲೇ ಇಲ್ಲ," ಎಂದಳು ಬರ್ಟಿ. "ಬಿಸೀನೂ ಹೋಗ್ಲಿಲ್ಲ, ವಿಷಗಾಳೀನೂ ಹೋಗ್ಲಿಲ್ಲ. ಕೊಳವೆ ತಣ್ಣಗಾಗಿ ಒಳಗಿನ ಆವಿಯೆಲ್ಲ ನೀರಾಯ್ತು. ಆ ನೀರು ಹುಳಿ, ಕಬ್ಬಿಣ ತಿನ್ನುತ್ತೆ. ತುಕ್ಕಾಗಿ ಮಾಡಿಗೆ ಸೋರ್ತು. ಕಿಂಡಿ ದಿನಾ ಸಣ್ಣದಾಯ್ತು, ಇವತ್ತಿನ ಚಳಿಗೆ ಪೂರ್ತಿ ಮುಚ್ಚಿಕೊಂಡ್ತು. ಸಾವೆಲಾ ಅವರೇ, ನೀವು ಕೊಳವೆಗೆ ಟೋಪಿ ಹಾಕಿಲ್ಲ. ನಿಮಗೆ ನೀವೇ ಹಾಕ್ಕೊಂಡಿದೀರ."

ಆರ್ವೊ ಬಾಯಿ ತೆರೆದ. ಅಷ್ಟರಲ್ಲಿ ಆಂಬುಲೆನ್ಸಿನವರು ಬಂದು ಅವನ ಮೂಗು ಬಾಯಿಗೆ ಆಮ್ಲಜನಕದ ಮುಖವಾಡ ಕಟ್ಟಿದರು.

ಆಸ್ಪತ್ರೆಯಲ್ಲಿ ಸಂಜೆಯವರೆಗೆ ಇಬ್ಬರನ್ನೂ ಪಕ್ಕಪಕ್ಕದ ಹಾಸಿಗೆಯಲ್ಲಿ ಮಲಗಿಸಿದ್ದರು. ನಾನು ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ನಲವತ್ನಾಲ್ಕು ವರ್ಷದ ಸಂಸಾರದಲ್ಲಿ ಆರ್ವೊ ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲಿರಬೇಕು. ಅವನ ಕಣ್ಣು ಮಾತ್ರ ಸೈಮಾಳ ಮೇಲೇ ಇತ್ತು. ಅವಳ ಕೈಬೆರಳುಗಳ ಸಂದಿಯಲ್ಲಿ ಇನ್ನೂ ಒಣಗಿದ ಹಿಟ್ಟಿತ್ತು. ಒಂದು ಸಲ ಅವನ ಕಣ್ಣಲ್ಲಿ ನೀರು ತುಂಬಿತು. ಮುಖವಾಡದೊಳಗೆ ಏನೋ ಗೊಣಗಿದ, ಅದನ್ನು ಕಳಚಲು ಕೈ ಎತ್ತಿದ.

"ತೆಗೀಬೇಡ," ಎಂದಳು ಸೈಮಾ. "ಹಾಗೇ ಇರ್ಲಿ. ಚೆನ್ನಾಗಿದೆ."

ಅವನು ಕೈ ಇಳಿಸಿದ. ಆ ಕೈ ಎರಡು ಹಾಸಿಗೆಗಳ ನಡುವೆ ತೂಗಾಡುತ್ತಿತ್ತು. ಬಹಳ ಹೊತ್ತಾದ ಮೇಲೆ ಸೈಮಾ ತನ್ನ ಕೈ ಚಾಚಿ ಅದನ್ನು ಹಿಡಿದುಕೊಂಡಳು. ನಾನು ಕಾಫಿ ತರುವ ನೆಪದಲ್ಲಿ ಎದ್ದು ಹೋದೆ.

ಬರ್ಟಿ ಹೊಸ ಫರ್ನೇಸ್, ಹೊಸ ಕೊಳವೆ ಹಾಕಿದಳು. ಅಟ್ಟದೊಳಗೆ ಹಳೆಯ ಕೊಳವೆಯ ಕೀಲು ತುಕ್ಕು ಹಿಡಿದು ಬೆರಳು ತೂರುವಷ್ಟು ತೂತಾಗಿತ್ತಂತೆ. ಸೈಮಾಳ ತಲೆನೋವು ನಿಂತುಹೋಯಿತು. ಪಶ್ಚಾತ್ತಾಪ ಆರ್ವೊನಲ್ಲಿ ಸುಮಾರು ಹನ್ನೆರಡು ದಿನ ಇತ್ತು.

ಹದಿಮೂರನೇ ದಿನ ಕಾಫಿ ಗುಂಪಿಗೆ ಬಂದಾಗ ಕಥೆ ಸ್ವಲ್ಪ ತಿರುಗಿತ್ತು. ಫೆಬ್ರವರಿ ಮಧ್ಯದ ಹೊತ್ತಿಗೆ ಕಾಫಿ ಡಬ್ಬ ಕಥೆಯಿಂದ ಕಳಚಿಬಿತ್ತು. ತಿಂಗಳ ಕೊನೆಗೆ, ಮಾಡಿನ ಕಲೆ ನೋಡಿದ ದಿನವೇ ಆರ್ವೊನಿಗೆ ಅನುಮಾನ ಬಂದಿತ್ತು, ಅವನು ತಾಳ್ಮೆಯಿಂದ ಒಂದೊಂದೇ ಕಾರಣವನ್ನು ಪರೀಕ್ಷಿಸಿ ತಳ್ಳಿಹಾಕುತ್ತ ಬಂದಿದ್ದ ಎಂದಾಯಿತು. ಹಕ್ಕಿ, ಪಾಚಿ, ನೆರೆಮನೆಯ ಸೌನಾ, ಎಲ್ಲವೂ ಪ್ರಯೋಗಗಳು! ನನ್ನ ಮೂರು ಶನಿವಾರಗಳು ವಿಜ್ಞಾನಕ್ಕೆ ಅರ್ಪಣೆಯಾಗಿದ್ದವು ಎಂದು ನನಗೆ ತಿಳಿದದ್ದು ಆಗಲೇ.

ನಮ್ಮ ಪಾದ್ರಿ ಊರಿಗೆ ಹೊಸಬರು, ಒಳ್ಳೆಯವರು, ಯಾರು ಏನು ಹೇಳಿದರೂ ನಂಬುವವರು. ಮಾರ್ಚ್ ತಿಂಗಳ ಒಂದು ಭಾನುವಾರ ಆರಾಧನೆಯ ನಂತರ ಚರ್ಚಿನ ಕೆಳಮಹಡಿಯಲ್ಲಿ, ಕಾಫಿಗೆ ಮುಂಚೆ, ಮನೆ ಬಿಸಿಮಾಡುವುದರ ಸುರಕ್ಷತೆಯ ಬಗ್ಗೆ ಆರ್ವೊ ಅವರು ನಾಲ್ಕು ಮಾತಾಡುತ್ತಾರೆ ಎಂದು ಸಾರಿದರು. ಅರವತ್ತು ಜನ ಕೂತಿದ್ದರು. ಬರ್ಟಿ ಹಿಂದಿನ ಗೋಡೆಗೆ ಒರಗಿ ನಿಂತಿದ್ದಳು. ಸೈಮಾ ಕಾಫಿ ಪಾತ್ರೆಗಳ ಹತ್ತಿರ.

ಆರ್ವೊ ಒಂದೇ ಒಂದು ಟೈ ಇದ್ದದ್ದನ್ನು ಕಟ್ಟಿಕೊಂಡು ಬಂದಿದ್ದ. "ಮಾಡಿನ ಮೇಲಿನ ಕಲೆ ಅಂದ್ರೆ ಮನೆ ನಮ್ಮ ಹತ್ರ ಮಾತಾಡ್ತಿದೆ ಅಂತ ಅರ್ಥ," ಎಂದು ಶುರು ಮಾಡಿದ. "ಕೇಳಿಸ್ಕೊಳ್ಳೋ ಕಿವಿ ಬೇಕು. ನಾನು ಕೇಳಿಸ್ಕೊಂಡೆ." ಹದಿನೈದು ನಿಮಿಷ ಆಯಿತು. ಕೇಳಿಸಿಕೊಂಡದ್ದು ಮುಗಿಯಲಿಲ್ಲ. "ಆ ದಿನ ಬೆಳಿಗ್ಗೆ ನನಗೆ ಖಾತ್ರಿಯಾಯ್ತು. ನಾನು ಸೈಮಾಗೆ ಹೇಳ್ದೆ..."

"ಏನು ಹೇಳ್ದೆ?" ಎಂದಳು ಸೈಮಾ.

ಗಟ್ಟಿಯಾಗೇನೂ ಹೇಳಲಿಲ್ಲ. ಆದರೂ ಅರವತ್ತು ತಲೆಗಳು ತಿರುಗಿದವು. ಆರ್ವೊ ಟೈ ಸರಿಮಾಡಿಕೊಂಡ.

"ಅಂದ್ರೆ... ಸುಮಾರಾಗಿ ಹೇಳ್ದೆ."

ಸೈಮಾ ಕೈ ಒರೆಸಿಕೊಂಡು ಮುಂದೆ ಬಂದಳು. ಅವಳು ಜನರ ಮುಂದೆ ನಿಂತು ಮಾತಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಇವನು ಕುರ್ಚೀಲಿ ನಿದ್ದೆ ಹೋಗಿದ್ದ," ಎಂದಳು. "ಕೊಳವೆ ಮೇಲೆ ನನ್ನ ಕಾಫಿ ಡಬ್ಬ ಕವುಚಿ ಹಾಕಿದೋನು ಇವನು. ಅಲಾರಂ ಕೂಗಿದ್ರೆ ಅದನ್ನ ತಗೊಂಡ್ಹೋಗಿ ಗ್ಯಾರೇಜಲ್ಲಿಟ್ಟೋನೂ ಇವನೇ. ನಾನೂ ಕಮ್ಮಿಯಿಲ್ಲ. ಒಂದು ವರ್ಷ ತಲೆನೋವು ಬರೆದಿಟ್ಟುಕೊಂಡು ಯಾರಿಗೂ ತೋರಿಸ್ಲಿಲ್ಲ. ನಿಮಗೆಲ್ಲ ಹೇಳ್ದಾಗ ನೀವು ನಕ್ರಿ." ಮುಂದಿನ ಸಾಲಿನ ಹೆಂಗಸರು ತಮ್ಮ ಪ್ರಾರ್ಥನಾ ಪುಸ್ತಕ ನೋಡತೊಡಗಿದರು. "ನಾನೂ ನಕ್ಕೆ. ನಗ್ತಾ ನಗ್ತಾ ಸಾಯ್ತಿದ್ವಿ ಇಬ್ರೂ. ನಿಮ್ಮ ಮಾಡಿನ ಮೇಲೆ ಕಂದು ನೀರು ಕಂಡ್ರೆ ಮನೆ ಮಾತು ಕೇಳಿಸ್ಕೊಳ್ತಾ ಕೂರ್ಬೇಡಿ. ಬರ್ಟಿ ಅಲ್ಲಿ ನಿಂತಿದಾಳೆ, ಅವಳಿಗೆ ಹೇಳಿ. ಕಾಫಿ ಆಗಿದೆ."

ಯಾರಿಗೂ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯಲಿಲ್ಲ. ಪಾದ್ರಿಗಳು ಎದ್ದು ಧನ್ಯವಾದ ಹೇಳಿದರು, ಯಾರಿಗೆಂದು ಹೇಳಲಿಲ್ಲ. ಆರ್ವೊ ಅಲ್ಲೇ ನಿಂತಿದ್ದ, ಕೆನ್ನೆ ಕೆಂಪಗೆ. ಈ ಸಲ ವಿಷಗಾಳಿಯಿಂದಲ್ಲ. ಸೈಮಾ ಮೊದಲ ಕಪ್ ಕಾಫಿ ತಂದು ಅವನ ಕೈಗೇ ಕೊಟ್ಟಳು. ಅವನು ಕುಡಿದ.

ಆ ವಾರ ಹನ್ನೊಂದು ಮನೆಗಳವರು ಬರ್ಟಿಯನ್ನು ಕರೆಸಿದರು. ಒಂಬತ್ತು ಮನೆಗಳಲ್ಲಿ ಏನೂ ಇರಲಿಲ್ಲ. ಒಂದು ಮನೆಯಲ್ಲಿ ಕೊಳವೆಯ ಕೀಲು ಬಿಚ್ಚಿಕೊಂಡಿತ್ತು. ಆ ಮನೆಯಲ್ಲಿ ತೊಟ್ಟಿಲ ಕೂಸಿತ್ತು. ಆರ್ವೊ ಸುಳ್ಳು ಹೇಳದೇ ಇದ್ದಿದ್ದರೆ ಆ ಸಭೆ ಇರುತ್ತಿರಲಿಲ್ಲ, ಸೈಮಾ ಎದ್ದು ನಿಲ್ಲುತ್ತಿರಲಿಲ್ಲ. ಹಾಗೆಂದು ಅವನಿಗೆ ಕೃತಜ್ಞತೆ ಹೇಳಲು ನನಗೆ ಇಂದಿಗೂ ಬಾಯಿ ಬರುವುದಿಲ್ಲ.

ಹನ್ನೊಂದನೆಯ ಮನೆ ನನ್ನದು. ನನ್ನ ಕೊಳವೆಯೊಳಗೆ ಅಳಿಲೊಂದು ಮುಕ್ಕಾಲು ದಾರಿಯವರೆಗೆ ಗೂಡು ಕಟ್ಟಿತ್ತು. ಒಣಹುಲ್ಲು, ಬರ್ಚ್ ತೊಗಟೆ, ನನ್ನದೇ ಒಂದು ಉಣ್ಣೆ ಕಾಲುಚೀಲ. ಬರ್ಟಿ ಅದನ್ನೆಲ್ಲ ಎಳೆದು ಅಂಗಳಕ್ಕೆ ಎಸೆಯುತ್ತಿದ್ದಾಗ ಬೇಲಿಯಾಚೆ ಆರ್ವೊ ಬಂದು ನಿಂತ. ಕೈಕಟ್ಟಿದ. ಆ ನಗೆ ನಕ್ಕ.

"ಅಳಿಲುಗಳ ಬಗ್ಗೆ ನಿಂಗೆ ಗೊತ್ತಿರಬೇಕಾದ್ದು ಏನಂದ್ರೆ, ಎಮಿಲ್..." ಎಂದು ಶುರು ಮಾಡಿದ.

ಆವತ್ತು ಶನಿವಾರ, ಸೌನಾ ಆಗಲೇ ಕಾದಿತ್ತು. ಒಳಗೆ ಬಾ, ಕೂತು ಹೇಳು ಎಂದೆ. ಒಂದೂವರೆ ಗಂಟೆ ಹೇಳಿದ.